ಆ ಕಾಲಾಳು ಅದೃಷ್ಟದಿಂದ ಕೊನೆಯ ಮನೆ ಮುಟ್ಟಲಿಲ್ಲ

ಸಂಪಾದಕರಿಗೆ,

ಮಾನ್ಯರೇ,

ಹಾಸನದಲ್ಲಿ ಕಳೆದ ಭಾನುವಾರ ನಡೆದ ಶಾಲಾ ಮಕ್ಕಳ ಚದುರಂಗ ಪಂದ್ಯಾವಳಿಯ ವರದಿ ಮಂಗಳವಾರದ ನಿಮ್ಮ ಜಿಲ್ಲಾ ಪುಟದಲ್ಲಿ ಬಂದಿದೆ. ಬಹುಮಾನ ವಿತರಿಸಿದವರ ಹೆಸರುಗಳು, ವೇದಿಕೆಯಲ್ಲಿದ್ದವರ ಹೆಸರುಗಳು, ಕೊನೆಗೆ ಆಟದ ಬಗ್ಗೆ ಒಂದು ವಾಕ್ಯ: ‘ಅಂತಿಮ ಸುತ್ತಿನಲ್ಲಿ ಎದುರಾಳಿಯ ಅಜಾಗರೂಕತೆಯಿಂದ ಅದೃಷ್ಟವಶಾತ್ ಕಾಲಾಳು ಕೊನೆಯ ಮನೆ ತಲುಪಿ ಆಲೂರು ತಾಲ್ಲೂಕಿನ ಬಾಲಕಿ ಜಯ ಗಳಿಸಿದಳು.’

ಈ ವಾಕ್ಯದಲ್ಲಿರುವ ‘ಅಜಾಗರೂಕತೆ’ ಮತ್ತು ‘ಅದೃಷ್ಟ’ ಎರಡೂ ತಪ್ಪು. ನಾನು ಅಲ್ಲಿಯೇ ಇದ್ದೆ. ಕಲ್ಯಾಣ ಮಂಟಪದ ಊಟದ ಮನೆಯಲ್ಲಿ ಮೇಜುಗಳನ್ನು ಜೋಡಿಸಿ, ಪೋಷಕರು ಒಳಗೆ ನುಗ್ಗದಂತೆ ಹಗ್ಗ ಕಟ್ಟಿದ್ದರು. ಹಗ್ಗದ ಈಚೆ, ಆ ಮೇಜಿನಿಂದ ಎರಡು ಮಾರು ದೂರದಲ್ಲಿ ನಿಂತು ಆಟದ ಪ್ರತಿಯೊಂದು ನಡೆಯನ್ನೂ ಚೀಟಿ ಪುಸ್ತಕದಲ್ಲಿ ಬರೆದುಕೊಂಡೆ. ಆ ಪುಸ್ತಕ ಈಗ ನನ್ನ ಮುಂದಿದೆ. ಅದರಲ್ಲಿರುವುದನ್ನು ನಿಮ್ಮ ಓದುಗರಿಗೆ ಹೇಳಲೇಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ಒಂದು ಆಟದ ಒಂದು ವಾಕ್ಯಕ್ಕೆ ಇಷ್ಟು ಉದ್ದದ ಪತ್ರವೇ ಎಂದು ನಿಮಗೆ ಅನ್ನಿಸಬಹುದು. ಕಾರಣವಿದೆ. ಆಟ ಮುಗಿದ ಮೇಲೆ ಸೋತ ಹುಡುಗನನ್ನು ಅವನ ತಂದೆ ಕೈತೊಳೆಯುವ ನಲ್ಲಿಗಳ ಹತ್ತಿರ ನಿಲ್ಲಿಸಿಕೊಂಡು, ‘ಆ ಕಾಲಾಳನ್ನು ಯಾಕೆ ಹೊಡೆದೆ, ಕಣ್ಣು ಕಾಣಲಿಲ್ಲವೇ’ ಎಂದು ಗದರುತ್ತಿದ್ದರು. ನಾನು ಹೋಗಿ, ‘ಅವನು ಯಾವ ನಡೆ ಇಟ್ಟಿದ್ದರೂ ಸೋಲುತ್ತಿದ್ದ, ಬಯ್ಯಬೇಡಿ’ ಎಂದೆ. ಗುರುತಿಲ್ಲದ ಮುದುಕನ ಮಾತನ್ನು ಅವರು ನಂಬಲಿಲ್ಲ. ಎರಡು ದಿನದ ನಂತರ ಪತ್ರಿಕೆಯೂ ಅವರ ಮಾತನ್ನೇ ಅಚ್ಚು ಹಾಕಿತು. ಹನ್ನೆರಡು ವರ್ಷದ ಆ ಹುಡುಗ ಅದನ್ನು ಓದಿರುತ್ತಾನೆ.

ಮನೆಯಲ್ಲಿ ಮಣೆ ಇರುವವರು ದಯವಿಟ್ಟು ಈ ಕಾಯಿಗಳನ್ನು ಇಡಿ. ಬಿಳಿಯ ಕಡೆಯಿಂದ ನೋಡಿದರೆ ಉದ್ದ ಸಾಲುಗಳು ಎಡದಿಂದ ಬಲಕ್ಕೆ ಎಯಿಂದ ಎಚ್‌ವರೆಗೆ, ಅಡ್ಡ ಸಾಲುಗಳು ಕೆಳಗಿನಿಂದ ಮೇಲಕ್ಕೆ 1ರಿಂದ 8ರವರೆಗೆ. ಬಿಳಿಯ ರಾಜ ಜಿ4ರಲ್ಲಿ, ಆನೆ ಎ8ರಲ್ಲಿ, ಕಾಲಾಳುಗಳು ಎ7 ಮತ್ತು ಎಫ್5ರಲ್ಲಿ. ಕಪ್ಪಿನ ರಾಜ ಜಿ7ರಲ್ಲಿ, ಆನೆ ಎ1ರಲ್ಲಿ, ಒಂದೇ ಕಾಲಾಳು ಎಚ್6ರಲ್ಲಿ. ಬಿಳಿ ಕಾಯಿ ಬಾಲಕಿಯದು, 57ನೇ ನಡೆ ಅವಳದು.

ಇಲ್ಲಿಗೆ ಬರುವಷ್ಟರಲ್ಲಿ ಹಗ್ಗದ ಈಚೆ ನಿಂತಿದ್ದವರೆಲ್ಲ ‘ಡ್ರಾ, ಡ್ರಾ’ ಎನ್ನುತ್ತಿದ್ದರು. ಅವರ ಮಾತಿಗೆ ಆಧಾರವಿತ್ತು. ಬಾಲಕಿಯ ಎ7 ಕಾಲಾಳು ಬಡ್ತಿ ಪಡೆದು ಮಂತ್ರಿಯಾಗಲು ಇನ್ನೊಂದೇ ಮನೆ ಬಾಕಿ. ಆದರೆ ಆ ಮನೆಯಲ್ಲಿ ಅವಳದೇ ಆನೆ ಕುಳಿತಿದೆ. ಆನೆ ಸುಮ್ಮನೆ ಸರಿದರೆ ಹಿಂದಿನಿಂದ ಕಪ್ಪು ಆನೆ ಕಾಲಾಳನ್ನು ನುಂಗುತ್ತದೆ. ಹಾಗಾದರೆ ರಾಜನನ್ನು ಕಾಲಾಳಿನ ನೆರವಿಗೆ ಕರೆದೊಯ್ಯಬಹುದಲ್ಲ ಎಂದು ಕೇಳಬಹುದು. ರಾಜ ಬಿ7ಕ್ಕೆ ಹೋದರೆ ಕಪ್ಪು ಆನೆ ಬಿ ಸಾಲಿನ ಕೆಳಗಿನಿಂದ ಚೆಕ್ ಕೊಡುತ್ತದೆ, ರಾಜ ಅಲ್ಲಿಂದ ಕದಲಿದೊಡನೆ ಮತ್ತೆ ಎ ಸಾಲಿಗೆ ಮರಳುತ್ತದೆ. ಕಾಲಾಳು ಎ6ರಲ್ಲೇ ನಿಂತಿದ್ದರೆ ರಾಜನಿಗೆ ಎ7ರಲ್ಲಿ ಅಡಗಲು ಜಾಗವಿರುತ್ತಿತ್ತು. ಎ7ಕ್ಕೆ ಬಂದ ಮೇಲೆ ಆ ಜಾಗವೂ ಇಲ್ಲ. ಹುಡುಗನಿಗೆ ಇದೆಲ್ಲ ಗೊತ್ತಿತ್ತು. ಒಂಬತ್ತು ನಡೆಗಳ ಕಾಲ ಅವನು ರಾಜನನ್ನು ಜಿ7 ಮತ್ತು ಎಚ್7 ಬಿಟ್ಟು ಕದಲಿಸಲಿಲ್ಲ, ಆನೆಯನ್ನು ಎ ಸಾಲು ಬಿಟ್ಟು ಕದಲಿಸಲಿಲ್ಲ. ಎ1, ಎ2, ಎ1, ಎ2. ದೊಡ್ಡವರೂ ತಾಳ್ಮೆಗೆಡುವ ಜಾಗದಲ್ಲಿ ಆ ಮಗು ತಾಳ್ಮೆಯಿಂದ ಕುಳಿತಿತ್ತು. ಇದನ್ನು ಅಜಾಗರೂಕತೆ ಎಂದು ಕರೆಯುವುದು ಹೇಗೆ?

ರಾಜ ಯಾಕೆ ಆ ಎರಡೇ ಮನೆಗಳಲ್ಲಿ ಕುಳಿತಿರಬೇಕು? ಎಫ್7ಕ್ಕೆ ಬಂದ ಎಂದುಕೊಳ್ಳಿ. ಆಗ ಬಿಳಿ ಆನೆ ಎ8ರಿಂದ ಎಚ್8ಕ್ಕೆ ಹಾರುತ್ತದೆ. ಕಾಲಾಳಿಗೆ ದಾರಿ ತೆರೆಯಿತು, ಮುಂದಿನ ನಡೆಗೆ ಬಡ್ತಿ. ಕಪ್ಪು ಆನೆ ಅದನ್ನು ಎ7ರಲ್ಲಿ ಹೊಡೆಯಲೇಬೇಕು. ಹೊಡೆದ ಕೂಡಲೇ ಬಿಳಿ ಆನೆ ಎಚ್7ರಿಂದ ಚೆಕ್. ರಾಜ ಮತ್ತು ಆನೆ ಒಂದೇ ಅಡ್ಡ ಸಾಲಿನಲ್ಲಿ ಸಿಕ್ಕಿಬಿದ್ದಿವೆ. ರಾಜ ಸರಿದರೆ ಹಿಂದಿರುವ ಆನೆ ಹೋಯಿತು. ಮುಂದುವರಿದ ಒಂದೇ ಒಂದು ಕಾಲಾಳು ಎದುರಾಳಿಯ ರಾಜನನ್ನು ಮಣೆಯ ಇನ್ನೊಂದು ಮೂಲೆಯಲ್ಲಿ ಎರಡು ಮನೆಗಳ ಜೈಲಿನಲ್ಲಿ ಇಟ್ಟಿದೆ. ಎ ಸಾಲಿಗೂ ಜಿ ಸಾಲಿಗೂ ಎಷ್ಟು ದೂರ ನೋಡಿ. ನನಗೆ ಈ ಆಟದಲ್ಲಿ ಐವತ್ತು ವರ್ಷಗಳಿಂದಲೂ ತೀರದ ಬೆರಗು ಇದೇ.

ಬಾಲಕಿಯ ಗಡಿಯಾರದಲ್ಲಿ ಉಳಿದಿದ್ದದ್ದು ನಾಲ್ಕು ನಿಮಿಷ. ಅದರಲ್ಲಿ ಎರಡು ನಿಮಿಷ ಅವಳು ಕಾಯಿ ಮುಟ್ಟದೆ ಕುಳಿತಳು. ಜಡೆಯ ತುದಿಯ ರಿಬ್ಬನ್ನನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದಳು. ಆಮೇಲೆ ಎಫ್5ರಲ್ಲಿದ್ದ ಕಾಲಾಳನ್ನು ಎಫ್6ಕ್ಕೆ ನೂಕಿದಳು. ಚೆಕ್. ಯಾವ ಕಾಯಿಯ ಬೆಂಬಲವೂ ಇಲ್ಲದ ಮನೆಗೆ, ಎದುರಾಳಿಯ ರಾಜನ ಕೈಗೆ. ಪಕ್ಕದಲ್ಲಿದ್ದ ಒಬ್ಬರು ‘ಅಯ್ಯೋ, ಕೊಟ್ಟುಬಿಟ್ಟಳು’ ಎಂದರು. ನಿಮ್ಮ ವರದಿಗಾರರು ಕೇಳಿದ್ದು ಬಹುಶಃ ಅವರನ್ನೇ.

ಹುಡುಗನಿಗೆ ನಾಲ್ಕು ನಡೆಗಳಿದ್ದವು. ನಾಲ್ಕನ್ನೂ ಆಡಿ ನೋಡಿ. ರಾಜ ಕಾಲಾಳನ್ನು ಹೊಡೆದರೆ ಆನೆ ಎಫ್8ಕ್ಕೆ ಬಂದು ಚೆಕ್ ಕೊಡುತ್ತದೆ, ರಾಜ ಸರಿಯುತ್ತಲೇ ಎ8ರಲ್ಲಿ ಹೊಸ ಮಂತ್ರಿ. ಅದನ್ನು ಕಪ್ಪು ಆನೆ ಹೊಡೆದರೆ ಬಿಳಿ ಆನೆ ತಿರುಗಿ ಹೊಡೆಯುತ್ತದೆ, ಬಾಲಕಿಗೆ ಒಂದು ಇಡೀ ಆನೆ ಹೆಚ್ಚು. ಎಫ್7ಕ್ಕೆ ಹೋದರೆ ಮೇಲೆ ಹೇಳಿದ ಎಚ್8ರ ಹೊಡೆತ. ಜಿ6ಕ್ಕೆ ಬಂದರೆ ಆನೆ ಜಿ8ರಿಂದ ಚೆಕ್, ಆಮೇಲೆ ಬಡ್ತಿ. ಎಚ್7ಕ್ಕೆ ಸರಿದರೆ ಕಾಲಾಳು ಎಫ್7ಕ್ಕೆ ನುಗ್ಗುತ್ತದೆ. ಈಗ ಏಳನೇ ಸಾಲಿನಲ್ಲಿ ಎರಡು ಕಾಲಾಳುಗಳು, ತಡೆಯಲು ಇರುವುದು ಒಂದೇ ಆನೆ. ಕಪ್ಪು ಆನೆ ಚೆಕ್ ಕೊಡುತ್ತಾ ಎಫ್ ಸಾಲಿಗೆ ಬಂದು ಎಫ್7ರ ಕಾಲಾಳನ್ನು ಹೊಡೆದರೂ ಬಿಳಿ ಆನೆ ಎಚ್8ರಲ್ಲಿ ತನ್ನನ್ನೇ ಬಲಿಕೊಟ್ಟು ಚೆಕ್ ಕೊಡುತ್ತದೆ. ರಾಜ ಅದನ್ನು ಹೊಡೆಯುವಷ್ಟರಲ್ಲಿ ಎ8ರಲ್ಲಿ ಮಂತ್ರಿ ಹುಟ್ಟಿರುತ್ತದೆ. ಹುಡುಗ ಮೊದಲನೆಯದನ್ನು ಆರಿಸಿದ. ನಾಲ್ಕರಲ್ಲಿ ಯಾವುದೂ ಇನ್ನೊಂದಕ್ಕಿಂತ ಒಳ್ಳೆಯದಾಗಿರಲಿಲ್ಲ.

ಅವನ ತಪ್ಪು ಬೇರೆಲ್ಲೋ ಇದೆ, ಬಹಳ ಹಿಂದೆ. 24ನೇ ನಡೆಯಲ್ಲಿ ಸಿ6ರ ಕುದುರೆಯನ್ನು ಆನೆಯಿಂದ ಹೊಡೆಯುವ ಬದಲು ಬಿ7ರ ಕಾಲಾಳಿನಿಂದ ಹೊಡೆದ. ಅವನ ಅಂಚಿನ ಎ7 ಕಾಲಾಳು ಒಂಟಿಯಾಯಿತು. ಏಳು ನಡೆಗಳ ನಂತರ ಅದು ಬಿದ್ದಿತು. ಅಂದಿನಿಂದ ಬಾಲಕಿಯ ಎ2 ಕಾಲಾಳಿನ ಎದುರಿಗೆ ಎ ಸಾಲಿನಲ್ಲಾಗಲಿ ಬಿ ಸಾಲಿನಲ್ಲಾಗಲಿ ಕಪ್ಪಿನ ಒಂದು ಕಾಲಾಳೂ ಇಲ್ಲ. ಅವಳು ಆತುರಪಡಲಿಲ್ಲ. ಮೊದಲು ಒಂಟೆಗಳನ್ನು ವಿನಿಮಯ ಮಾಡಿಕೊಂಡು, ಬಳಿಕ ಎ4, ಎ5, ನಡುವೆ ರಾಜನಿಗೆ ಎರಡು ನಡೆ, ಎ6. ಕೊನೆಗೆ ಎಫ್ ಸಾಲಿನ ದಾರಿಯನ್ನೂ ಬಿಡಿಸಿಕೊಂಡಳು. ಮೂವತ್ತು ನಡೆಗಳ ಕೆಲಸ ಇದು, ಒಂದು ಕ್ಷಣದ ಅದೃಷ್ಟ ಅಲ್ಲ.

ಇಂಥ ಕಾಲಾಳಿಗೆ, ಎಂದರೆ ತನ್ನ ಸಾಲಿನಲ್ಲೂ ಅಕ್ಕಪಕ್ಕದ ಸಾಲುಗಳಲ್ಲೂ ಎದುರಾಳಿಯ ಕಾಲಾಳಿನ ತಡೆಯೇ ಇಲ್ಲದೆ ಮುನ್ನುಗ್ಗಬಲ್ಲ ಕಾಲಾಳಿಗೆ, ನಮ್ಮ ಮಕ್ಕಳು ‘ಪಾಸ್ಡ್ ಪಾನ್’ ಎನ್ನುತ್ತಾರೆ. ಕನ್ನಡದಲ್ಲಿ ಇದಕ್ಕೆ ಎಲ್ಲರೂ ಒಪ್ಪಿದ ಪದವಿಲ್ಲ. ನಾನು ಮತ್ತು ನನ್ನ ಹಳೆಯ ಎದುರಾಳಿಯೊಬ್ಬರು ‘ದಾಟಾಳು’ ಎಂದು ಕರೆಯುತ್ತಿದ್ದೆವು. ಕಾಲಾಳು ಇದ್ದ ಹಾಗೆ ದಾಟಾಳು. ತಡೆಯನ್ನು ದಾಟಿದ ಆಳು. ಈ ಪತ್ರದಲ್ಲಿ ಮುಂದೆ ಅದೇ ಪದವನ್ನು ಬಳಸುತ್ತೇನೆ.

ಆ ಎದುರಾಳಿಯ ಬಗ್ಗೆ ಒಂದು ಮಾತು ಹೇಳಬೇಕು. ನಾನು ಅಂಚೆ ಇಲಾಖೆಯಲ್ಲಿ 38 ವರ್ಷ ಕೆಲಸ ಮಾಡಿದವನು, ಸಕಲೇಶಪುರದಲ್ಲಿ, ಬೇಲೂರಿನಲ್ಲಿ, ಕೊನೆಗೆ ಹಾಸನದಲ್ಲಿ. ಅವರು ಕೊಪ್ಪದ ಕಡೆಯ ಒಂದು ಪ್ರಾಥಮಿಕ ಶಾಲೆಯ ಮೇಷ್ಟರು. ಒಂದು ಮದುವೆಯಲ್ಲಿ ಪರಿಚಯವಾಗಿ, ಆಮೇಲೆ ಅಂಚೆ ಕಾರ್ಡಿನಲ್ಲೇ ಚದುರಂಗ ಆಡಿದೆವು. ಒಂದು ಕಾರ್ಡಿಗೆ ಒಂದು ನಡೆ. ಅವರ ನಡೆಯನ್ನು ಮೊದಲು ಬರೆದು, ಕೆಳಗೆ ನನ್ನ ಉತ್ತರ ಬರೆದು, ಅದರ ಕೆಳಗೆ ಅವರ ಮಕ್ಕಳ ಆರೋಗ್ಯ, ಅಡಿಕೆ ಧಾರಣೆ, ನಮ್ಮ ಕಡೆಯ ಮಳೆ. ಮನೆಯ ಗೂಡಿನಲ್ಲಿ ಒಂದು ಮಣೆಯನ್ನು ಮುಟ್ಟದಂತೆ ಇಟ್ಟಿರುತ್ತಿದ್ದೆ. ನನ್ನ ಹೆಂಡತಿ ಧೂಳು ಹೊಡೆಯುವಾಗ ಕಾಯಿಗಳನ್ನು ಒಂದೊಂದಾಗಿ ಎತ್ತಿ ಅದೇ ಮನೆಯಲ್ಲಿ ಇಡುವುದನ್ನು ಕಲಿತಿದ್ದಳು. ಮಳೆಗಾಲದಲ್ಲಿ ಮರ ಬಿದ್ದೋ ಗುಡ್ಡ ಕುಸಿದೋ ದಾರಿ ಮುಚ್ಚಿದರೆ ಕಾರ್ಡು ಎಂಟು ಹತ್ತು ದಿನ ಬರುತ್ತಿರಲಿಲ್ಲ. ಅಷ್ಟು ದಿನವೂ ಮನಸ್ಸು ಆ ಮಣೆಯ ಮೇಲೆಯೇ.

1986ರ ಜೂನ್‌ನಲ್ಲಿ ಶುರುವಾದ ಆಟವೊಂದು ಮರುವರ್ಷದ ಗೌರಿ ಹಬ್ಬದವರೆಗೆ ನಡೆಯಿತು. ಆ ಆಟದಲ್ಲಿ ಮೇಷ್ಟರ ದಾಟಾಳು ಡಿ6ಕ್ಕೆ ಬಂದು ನಿಂತಿತ್ತು. ಅದನ್ನು ತಡೆಯಲು ನಾನು ನನ್ನ ಮಂತ್ರಿಯನ್ನೇ ಡಿ7ರಲ್ಲಿ ನಿಲ್ಲಿಸಿದೆ. ಎಲ್ಲಕ್ಕಿಂತ ಬಲವಾದ ಕಾಯಿ, ಇದಕ್ಕಿಂತ ಗಟ್ಟಿ ಬಾಗಿಲು ಯಾವುದಿದೆ ಎಂದು ಧೈರ್ಯವಾಗಿದ್ದೆ. ಮೇಷ್ಟರು ಒಂಟೆಯಿಂದ ಮಂತ್ರಿಯ ಮೇಲೆ ಗುರಿ ಇಟ್ಟರು. ಮಂತ್ರಿ ಸರಿಯಲೇಬೇಕು, ಒಂಟೆಗೆ ಮಂತ್ರಿಯನ್ನು ಕೊಡಲಾಗುವುದಿಲ್ಲ. ಒಮ್ಮೆ ಹೇಗೋ ಮರಳಿ ಬಂದೆ. ಈ ಬಾರಿ ಕುದುರೆಯಿಂದ ಗುರಿ. ಮೂರನೇ ಬಾರಿ ಮಂತ್ರಿಗೆ ಡಿ7ಕ್ಕೆ ಮರಳಲು ದಾರಿಯೇ ಇರಲಿಲ್ಲ. ಕಾಲಾಳು ನಡೆದು ಹೋಯಿತು. ಕೊನೆಯ ಕಾರ್ಡಿನಲ್ಲಿ ಅವರು ಬರೆದದ್ದು ಇಷ್ಟು: ‘ಬಾಗಿಲು ಕಾಯಲು ಕುದುರೆಯನ್ನು ಇಡಿ. ಅದು ನಿಂತಲ್ಲೇ ನಿಂತರೂ ಎಂಟು ದಿಕ್ಕಿಗೆ ನೆಗೆಯುತ್ತದೆ, ಬೆದರಿಸಿದರೂ ಓಡಬೇಕಾಗಿಲ್ಲ.’ ಬಹಳ ವರ್ಷಗಳ ನಂತರ ಓದಿದಾಗ ತಿಳಿಯಿತು, ಲಾಟ್ವಿಯಾದಲ್ಲಿ ಹುಟ್ಟಿದ ಆರನ್ ನಿಮ್ಜೊವಿಚ್ ಎಂಬ ದೊಡ್ಡ ಆಟಗಾರ ಇದನ್ನೇ ಕಳೆದ ಶತಮಾನದ ಇಪ್ಪತ್ತರ ದಶಕದಲ್ಲಿ ವಿವರಿಸಿದ್ದ. ದಾಟಾಳನ್ನು ಅಪರಾಧಿಯಂತೆ ಬೀಗ ಹಾಕಿಯೇ ಇಡಬೇಕು, ಕಣ್ಣಿಟ್ಟು ಕಾದರೆ ಸಾಲದು ಎಂಬುದು ಅವನ ಮಾತು. ಕಾವಲಿಗೆ ಕುದುರೆಯೇ ಯೋಗ್ಯ ಎಂದವನೂ ಅವನೇ. ಮೇಷ್ಟರು ಅವನ ಹೆಸರನ್ನು ಕೇಳಿದ್ದರೋ ಇಲ್ಲವೋ ನಾನು ವಿಚಾರಿಸಲಿಲ್ಲ. ಈಗ ವಿಚಾರಿಸಲು ಅವರಿಲ್ಲ.

ಈ ಪತ್ರಕ್ಕೆ ಇನ್ನೊಂದು ಕಾರಣವಿದೆ. ಒಂದು ಪತ್ರಿಕೆಯ ಚದುರಂಗ ಅಂಕಣದಲ್ಲಿ ಬಂದ ತಪ್ಪನ್ನು ಒಬ್ಬ ಓದುಗ ತಿದ್ದಿದ್ದು, ಅದೂ ದಾಟಾಳಿನ ವಿಷಯದಲ್ಲಿಯೇ ತಿದ್ದಿದ್ದು, ಜಗತ್ತಿನ ಚದುರಂಗದಲ್ಲಿ ಬಹು ದೊಡ್ಡ ಘಟನೆ. 1895ರ ಮೇ ತಿಂಗಳು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಒಂದು ವಾರಪತ್ರಿಕೆಯಲ್ಲಿ ಜಾರ್ಜ್ ಬಾರ್ಬಿಯೆ ಎಂಬವರು ಚದುರಂಗದ ಅಂಕಣ ಬರೆಯುತ್ತಿದ್ದರು. ಅವರು ಒಂದು ಆನೆ ಮತ್ತು ಒಂದು ಕಾಲಾಳಿನ ಸ್ಥಿತಿಯನ್ನು ಕೊಟ್ಟು, ಕಪ್ಪು ಹೀಗೆ ಆಡಿದರೆ ಡ್ರಾ ಮಾಡಿಕೊಳ್ಳಬಹುದು ಎಂದು ತೋರಿಸಿದರು. ಆ ಊರಿನಲ್ಲಿದ್ದ ಸ್ಪೇನ್ ದೇಶದ ಪಾದ್ರಿ ಫರ್ನಾಂಡೊ ಸಾವೆದ್ರಾ ಅದನ್ನು ನೋಡಿ, ಡ್ರಾ ಅಲ್ಲ, ಬಿಳಿ ಗೆಲ್ಲುತ್ತದೆ ಎಂದು ತಿಳಿಸಿದರು. ಅಂಕಣಕಾರರು ಅದನ್ನು ಅದೇ ತಿಂಗಳಲ್ಲಿ ಪ್ರಕಟಿಸಿದರು. ಪಾದ್ರಿಯನ್ನು ಜಗತ್ತು ನೆನಪಿಟ್ಟುಕೊಂಡಿರುವುದು ಆ ಒಂದು ನಡೆಗಾಗಿ. ಆ ಸ್ಥಿತಿಗೆ ಇಂದಿಗೂ ಸಾವೆದ್ರಾ ಎಂದೇ ಹೆಸರು.

ಇಂದು ಸಾಮಾನ್ಯವಾಗಿ ಕಾಣಸಿಗುವ ರೂಪ ಇದು. ಬಿಳಿಯ ರಾಜ ಬಿ6ರಲ್ಲಿ, ಕಾಲಾಳು ಸಿ6ರಲ್ಲಿ. ಕಪ್ಪಿನ ರಾಜ ಎ1ರಲ್ಲಿ, ಆನೆ ಡಿ5ರಲ್ಲಿ. ಮಣೆಯ ಮೇಲೆ ನಾಲ್ಕೇ ಕಾಯಿ. ಕಾಲಾಳು ಸಿ7ಕ್ಕೆ ಏರುತ್ತದೆ. ಆನೆ ಡಿ6ರಿಂದ ಚೆಕ್. ಇಲ್ಲಿ ರಾಜ ಬಿ7ಕ್ಕೆ ಹೋದರೆ ಆನೆ ಡಿ7ಕ್ಕೆ ಬಂದು ಕಾಲಾಳನ್ನು ಕಟ್ಟಿಹಾಕುತ್ತದೆ. ಸಿ5ಕ್ಕೆ ಬಂದರೆ ಆನೆ ಡಿ1ಕ್ಕೆ ಇಳಿದು, ಹೊಸ ಮಂತ್ರಿ ಬಂದೊಡನೆ ಸಿ1ರಿಂದ ಚೆಕ್ ಕೊಟ್ಟು ಮಂತ್ರಿಯನ್ನು ಹೊಡೆಯುತ್ತದೆ. ಆದ್ದರಿಂದ ಬಿ5. ಮತ್ತೆ ಡಿ5ರಿಂದ ಚೆಕ್, ರಾಜ ಬಿ4. ಡಿ4ರಿಂದ ಚೆಕ್, ರಾಜ ಬಿ3. ಡಿ3ರಿಂದ ಚೆಕ್, ಈಗ ರಾಜ ಸಿ2. ಮೆಟ್ಟಿಲು ಇಳಿದ ಹಾಗೆ. ಇನ್ನು ಚೆಕ್ ಇಲ್ಲ ಎನ್ನುವಾಗ ಆನೆ ಡಿ4ಕ್ಕೆ ಹೋಗುತ್ತದೆ. ಬಿಳಿ ಹಿಗ್ಗಿ ಮಂತ್ರಿ ಮಾಡಿದರೆ ಆನೆ ಸಿ4ರಲ್ಲಿ ಚೆಕ್ ಕೊಡುತ್ತದೆ. ಮಂತ್ರಿ ಅದನ್ನು ಹೊಡೆದರೆ ಕಪ್ಪು ರಾಜನಿಗೆ ಚೆಕ್ಕೂ ಇಲ್ಲ, ಇಡಲು ಒಂದು ಮನೆಯೂ ಇಲ್ಲ. ಡ್ರಾ. ಬಾರ್ಬಿಯೆ ಕಂಡದ್ದು ಇಲ್ಲಿಯವರೆಗೆ. ಪಾದ್ರಿ ಕಂಡದ್ದು ಇನ್ನೊಂದು ಹೆಜ್ಜೆ. ಸಿ8ರಲ್ಲಿ ಮಂತ್ರಿಯನ್ನು ಮಾಡದೆ ಆನೆಯನ್ನು ಮಾಡಿ! ಆಗ ಎ8ಕ್ಕೆ ಬಂದು ಮೇಟ್ ಮಾಡುವ ಬೆದರಿಕೆ ಇದೆ, ಡ್ರಾದ ಬಲೆ ಇಲ್ಲ. ಕಪ್ಪು ಆನೆ ಎ4ಕ್ಕೆ ಓಡಬೇಕು. ಬಿಳಿ ರಾಜ ಬಿ3ಕ್ಕೆ ಬರುತ್ತಾನೆ. ಒಂದು ಕಡೆ ಆನೆಯ ಮೇಲೆ ಕೈ, ಇನ್ನೊಂದು ಕಡೆ ಸಿ1ರಲ್ಲಿ ಮೇಟ್. ಎರಡನ್ನೂ ತಪ್ಪಿಸುವ ನಡೆ ಕಪ್ಪಿನ ಬಳಿ ಇಲ್ಲ.

ಇದನ್ನು ಮೊದಲ ಬಾರಿ ಮಣೆಯ ಮೇಲೆ ಇಟ್ಟುಕೊಂಡ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಅಜ್ಜ ಆಡುತ್ತಿದ್ದ ಹಳೆಯ ಪದ್ಧತಿಯಲ್ಲಿ ಕಾಲಾಳು ಯಾವ ಸಾಲಿನಲ್ಲಿ ಕೊನೆ ಮುಟ್ಟಿತೋ ಆ ಸಾಲಿನ ಕಾಯಿಯಾಗಿಯೇ ಬಡ್ತಿ ಪಡೆಯುತ್ತಿತ್ತು. ಸಿ ಸಾಲು ಎಂದರೆ ಒಂಟೆ. ಅಜ್ಜನ ನಿಯಮದಲ್ಲಿ ಪಾದ್ರಿಯ ಗೆಲುವು ಸಿಗುತ್ತಿರಲಿಲ್ಲ. ಆದರೆ ನಮ್ಮ ಆಲೂರಿನ ಬಾಲಕಿಯ ಕಾಲಾಳು ಕೊನೆ ಮುಟ್ಟಿದ್ದು ಎ ಸಾಲಿನಲ್ಲಿ, ಅಂದರೆ ಆನೆಯ ಸಾಲಿನಲ್ಲಿ. ಅವಳು ಎ8ರಲ್ಲಿ ಆನೆಯನ್ನು ಮಾಡಿದ್ದರೂ ಫಲಿತಾಂಶ ಅದೇ ಆಗುತ್ತಿತ್ತು. ಅಜ್ಜ ಇದ್ದಿದ್ದರೆ ಅವಳನ್ನು ಕರೆದು ಎದುರಿಗೆ ಕೂರಿಸಿಕೊಳ್ಳುತ್ತಿದ್ದರು.

ಹುಡುಗಿ ಪಂದ್ಯದ ಹಾಳೆಯಲ್ಲಿ ನಡೆಗಳನ್ನು ಕನ್ನಡ ಅಕ್ಷರಗಳಲ್ಲಿ ಬರೆದಿದ್ದಳು. ಎಫ್6 ಎಂದು ದುಂಡಾಗಿ ಬರೆದು ಮುಂದೆ ಚೆಕ್‌ಗೆ ಕೂಡಿಸುವ ಚಿಹ್ನೆ. ಆ ಉಪಾಯವನ್ನು ಎಲ್ಲಿ ಕಲಿತೆ ಎಂದು ಕೇಳಿದೆ. ‘ಯಾರೂ ಹೇಳಿಕೊಟ್ಟಿಲ್ಲ ತಾತ. ರಾಜ ಅಲ್ಲಿಂದ ಏಳುವುದಿಲ್ಲ ಅಂತ ಗೊತ್ತಾಯಿತು, ಎಬ್ಬಿಸುವುದು ಹೇಗೆ ಅಂತ ಯೋಚಿಸಿದೆ’ ಎಂದಳು. ಚದುರಂಗದ ಪಾಠಗಳು ಮೊಬೈಲಿನಲ್ಲಿ ಸಿಗುತ್ತವಂತೆ, ಆದರೆ ಮಾತೆಲ್ಲ ಇಂಗ್ಲಿಷ್, ಅರ್ಧ ತಿಳಿಯುವುದಿಲ್ಲ ಎಂದಳು. ಅವಳ ಊರಿನಲ್ಲಿ ತರಬೇತುದಾರರಿಲ್ಲ. ಹಾಸನಕ್ಕೆ ವಾರಕ್ಕೊಮ್ಮೆ ಬಂದು ಕಲಿಯಲು ಬಸ್ಸಿನ ಹಣ ಒಂದು ಲೆಕ್ಕವಾದರೆ, ಕರೆತರುವವರ ಒಂದು ದಿನದ ಕೂಲಿ ಇನ್ನೊಂದು ಲೆಕ್ಕ. ಆದರೆ ನಿಮ್ಮ ಪತ್ರಿಕೆ ಬೆಳಗಿನ ಮೊದಲ ಬಸ್ಸಿನಲ್ಲಿ ಅವಳ ಊರಿಗೆ ಹೋಗುತ್ತದೆ. ಶಾಲೆಗೂ ಒಂದು ಪ್ರತಿ ಬರುತ್ತದೆ ಎಂದು ಅವಳೇ ಹೇಳಿದಳು.

ನನ್ನ ಬೇಡಿಕೆ ಇಲ್ಲಿಂದ ಹುಟ್ಟಿದೆ. ವಾರಕ್ಕೊಂದು ದಿನ, ಅಂಗೈ ಅಗಲದ ಜಾಗ ಕೊಡಿ. ಒಂದು ಮಣೆಯ ಚಿತ್ರ, ಒಂದು ಪ್ರಶ್ನೆ, ಹಿಂದಿನ ವಾರದ ಉತ್ತರ ಕನ್ನಡದಲ್ಲಿ. ಪದಬಂಧಕ್ಕೂ ಸುಡೊಕುವಿಗೂ ದಿನವೂ ಜಾಗವಿದೆ, ಅವು ಇರಲಿ, ನಾನೂ ಪದಬಂಧ ತುಂಬುತ್ತೇನೆ. ಆದರೆ ಚದುರಂಗ ನಮ್ಮ ನೆಲದ ಆಟ. ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನ ಅರಮನೆಯಲ್ಲಿ ಕುಳಿತು, ಕುದುರೆ ಮಣೆಯ 64 ಮನೆಗಳನ್ನೂ ಒಂದೊಂದೇ ಬಾರಿ ಮುಟ್ಟಿ ಬರುವ ದಾರಿಗಳನ್ನು ರಚಿಸಿದರು. ಮೈಸೂರಿನ ಎಂ.ಎಸ್. ತೇಜ್‌ಕುಮಾರ್ 2017ರಲ್ಲಿ ರಾಜ್ಯದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಮಲೆನಾಡಿನ ಶಿವಮೊಗ್ಗದಿಂದ ಸ್ಟ್ಯಾನಿ ಗ್ರ್ಯಾಂಡ್‌ಮಾಸ್ಟರ್ ಆದರು. ಹಾಸನದ, ಚಿಕ್ಕಮಗಳೂರಿನ ಮಕ್ಕಳಿಗೆ ಅದು ದೂರದ ದಾರಿಯೇನೂ ಅಲ್ಲ.

2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಹದಿನೆಂಟರ ಗುಕೇಶ್ ವಿಶ್ವ ಚಾಂಪಿಯನ್ ಆದಾಗ ಎಲ್ಲ ಪತ್ರಿಕೆಗಳೂ ಮುಖಪುಟದಲ್ಲಿ ಚಿತ್ರ ಹಾಕಿದವು. ಅವನು ಕಣ್ಣೊರೆಸಿಕೊಳ್ಳುವ ಚಿತ್ರ ನಮ್ಮ ಮನೆಯ ಗೋಡೆಯಲ್ಲೂ ಇದೆ. ಆದರೆ ನಾನು ಓದಿದ ಕನ್ನಡ ವರದಿಗಳಲ್ಲಿ ಆ ಕೊನೆಯ ಆಟ ಯಾಕೆ ಗೆದ್ದಿತು ಎಂಬುದು ಇರಲಿಲ್ಲ. 55ನೇ ನಡೆಯಲ್ಲಿ ಎದುರಾಳಿ, ಚೀನಾದ ಡಿಂಗ್ ಲಿರೆನ್, ಆನೆಗಳ ವಿನಿಮಯಕ್ಕೆ ಮುಂದಾದರು. ಗುಕೇಶ್ ಆನೆಯನ್ನು ಹೊಡೆದು, ಒಂಟೆಗಳನ್ನೂ ವಿನಿಮಯಕ್ಕೆ ತಂದು ನಿಲ್ಲಿಸಿದ. ಎಲ್ಲವೂ ಇಳಿದ ಮೇಲೆ ಉಳಿದದ್ದು ರಾಜರು, ಗುಕೇಶನ ಎರಡು ಕಾಲಾಳು, ಎದುರಾಳಿಯ ಒಂದು. ದೊಡ್ಡ ಕಾಯಿಗಳು ಇರುವವರೆಗೆ ಡ್ರಾ ಎನ್ನಿಸುತ್ತಿದ್ದ ಆ ಒಂದು ಹೆಚ್ಚಿನ ಕಾಲಾಳು, ಅವು ಹೋದ ಮರುಕ್ಷಣ ವಿಶ್ವ ಪಟ್ಟವನ್ನೇ ತೀರ್ಮಾನಿಸಿತು. ಇದನ್ನು ನಾಲ್ಕು ಸಾಲು ಕನ್ನಡದಲ್ಲಿ ಬರೆದಿದ್ದರೆ ಎಷ್ಟು ಮಕ್ಕಳು ಆ ಸಂಜೆ ಮಣೆ ಹಾಕಿ ಕೂರುತ್ತಿದ್ದರು!

ಬರೆಯುವವರು ಯಾರು ಎಂಬ ಪ್ರಶ್ನೆ ಬರಬಹುದು. ನಿವೃತ್ತಿಯ ನಂತರ ನಾನು 52 ಸ್ಥಿತಿಗಳನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ, ಒಂದು ವರ್ಷಕ್ಕೆ ಸಾಕು. ಹೆಚ್ಚಿನವು ದಾಟಾಳಿನವೇ. ಸಂಭಾವನೆ ಬೇಡ. ನನಗಿಂತ ಚೆನ್ನಾಗಿ ಬಲ್ಲವರು ಜಿಲ್ಲೆಯಲ್ಲಿದ್ದಾರೆ, ಅವರಿಂದ ಬರೆಸಿದರೂ ಸಂತೋಷ. ಒಂದೇ ಕೋರಿಕೆ, ಓದುಗರು ತಪ್ಪು ತೋರಿಸಿ ಬರೆದ ಪತ್ರಗಳನ್ನೂ ಪ್ರಕಟಿಸಬೇಕು.

ಮಾದರಿಗೆ ಒಂದನ್ನು ಕೊಡುತ್ತೇನೆ. ಮೇಷ್ಟರು ಇದನ್ನು ಮಕ್ಕಳಿಗೆ ಶಾಲೆಯ ಜಗಲಿಯ ಮೇಲೆ ಕಾಫಿ ಬೀಜ ಇಟ್ಟು ಕಲಿಸುತ್ತಿದ್ದರು, ಹಸಿರು ಬೀಜ ಬಿಳಿಯ ಕಡೆ, ಹುರಿದ ಬೀಜ ಕಪ್ಪಿನ ಕಡೆ. ಬಿಳಿಯ ಕಾಲಾಳುಗಳು ಎ5, ಬಿ5, ಸಿ5ರಲ್ಲಿ. ಕಪ್ಪಿನವು ಎ7, ಬಿ7, ಸಿ7ರಲ್ಲಿ. ಎರಡೂ ರಾಜರು ಮಣೆಯ ಆಚೆ ಮೂಲೆಯಲ್ಲಿ ದೂರ ಇದ್ದಾರೆ. ಮೂರಕ್ಕೆ ಮೂರು ಎದುರುಬದುರು, ಒಂದೂ ದಾಟಾಳಿಲ್ಲ. ಬಿಳಿಯ ನಡೆ. ಮೊದಲು ಬಿ6. ಎ7ರ ಕಾಲಾಳು ಹೊಡೆದರೆ ಸಿ6, ಅದನ್ನು ಬಿ7ರದು ಹೊಡೆಯಬೇಕು, ಆಗ ಎ5ರ ಕಾಲಾಳಿನ ಮುಂದೆ ಯಾರೂ ಇಲ್ಲ. ಬಿ6ನ್ನು ಸಿ7ರ ಕಾಲಾಳು ಹೊಡೆದರೆ ಏನು ಮಾಡಬೇಕು ಎಂಬುದನ್ನು ಮಕ್ಕಳಿಗೇ ಬಿಡುತ್ತೇನೆ. ಮೇಷ್ಟರ ಮಾತಿನಲ್ಲಿ ಹೇಳುವುದಾದರೆ, ಎರಡು ಕೊಟ್ಟು ಒಂದನ್ನು ದಾಟಿಸುವ ಲೆಕ್ಕ.

ಅಂಕಣದ ವಿಷಯವನ್ನು ನೀವು ನಿಧಾನವಾಗಿ ಯೋಚಿಸಿ ತೀರ್ಮಾನಿಸಿ. ತಿದ್ದುಪಡಿಯನ್ನು ಮಾತ್ರ ಈ ವಾರವೇ ಹಾಕಬೇಕೆಂದು ಬೇಡಿಕೊಳ್ಳುತ್ತೇನೆ. ಮುಂದಿನ ತಿಂಗಳು ಅರಸೀಕೆರೆಯಲ್ಲಿ ಇನ್ನೊಂದು ಪಂದ್ಯಾವಳಿ ಇದೆಯಂತೆ. ಆ ಹುಡುಗ ಅಲ್ಲಿಗೆ ಬರಬೇಕು, ತಂದೆ ಅವನನ್ನು ಕರೆತರಬೇಕು. ತಿದ್ದುಪಡಿಯ ಮಾತುಗಳನ್ನು ನಾನೇ ಬರೆದು ಕಳುಹಿಸುತ್ತಿದ್ದೇನೆ, ಹಿಂದಿನ ವರದಿ ಬಂದ ಪುಟದಲ್ಲೇ ಹಾಕಿದರೆ ಸಾಕು: ‘ಅಂತಿಮ ಸುತ್ತಿನಲ್ಲಿ ಕಪ್ಪು ಕಾಯಿಗಳ ಬಾಲಕ ಒಂಬತ್ತು ನಡೆಗಳ ಕಾಲ ದೃಢವಾಗಿ ರಕ್ಷಿಸಿಕೊಂಡನು. ಬಾಲಕಿಯು 57ನೇ ನಡೆಯಲ್ಲಿ ಎಫ್6ಕ್ಕೆ ಕಾಲಾಳನ್ನು ಬಲಿಕೊಟ್ಟು, ಎ7ರ ಕಾಲಾಳಿಗೆ ದಾರಿ ಮಾಡಿಕೊಂಡು ಜಯ ಗಳಿಸಿದಳು.’

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಅಂಚೆ ನೌಕರ,
ಸಾಲಗಾಮೆ ರಸ್ತೆ, ಹಾಸನ